ವಿ-ಕ್ರಾಸ್ ಬಿಎಸ್6ಗೆ ಕೋನ್ ಫಿಲ್ಟರ್, ಫ್ರೀ-ಫ್ಲೋ ಸೈಲೆನ್ಸರ್ ಹಾಕಿಸಬಹುದಾ?

ತೋಟದ ದಾರಿ:
ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 1.9 ಡೀಸೆಲ್, ಬಿಎಸ್6. ಓಡಾಟ ಹೆಚ್ಚಾಗಿ ಸಕಲೇಶಪುರ ಕಡೆ ಮಣ್ಣು ರಸ್ತೆ, ಆಗಾಗ ಶಿರಾಡಿ ಘಾಟಿ. ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್), 3 ಇಂಚಿನ ಫ್ರೀ-ಫ್ಲೋ (ಹೊಗೆಗೆ ತಡೆ ಕಡಿಮೆ ಇರೋ) ಸೈಲೆನ್ಸರ್ ಹಾಕಿಸೋ ಯೋಚನೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತೆಗೆಸಿದ್ರೆ ಪಿಕಪ್ ಇನ್ನೂ ಚೆನ್ನಾಗಿ ಬರುತ್ತೆ ಅಂತಾರೆ, ನಿಜಾನಾ? ಗೊತ್ತಿರೋರು ಹೇಳಿ.

ಟರ್ಬೊ ಭಟ್ರು:
ಡಿಪಿಎಫ್ ಮುಟ್ಟಲೇಬೇಡಿ ಸರ್. ಒಳಗಿನ ಜೇನುಗೂಡು ಒಡೆದು ತೆಗೆದ್ರೆ ಅದರ ಹಿಂದೆ-ಮುಂದೆ ಒತ್ತಡದ ವ್ಯತ್ಯಾಸವೇ ಇರಲ್ಲ. ಸೆನ್ಸರ್ ಅದನ್ನ ಹಿಡಿಯುತ್ತೆ, ಚೆಕ್ ಎಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡ್‌ಗೆ (ಪವರ್ ತಗ್ಗಿಸಿ ಓಡೋ ಸ್ಥಿತಿ) ಹೋಗುತ್ತೆ. ರೀಮ್ಯಾಪ್ ಮಾಡಿಸಿ, ಅಂದ್ರೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ, ಲೈಟ್ ಆರಿಸಬಹುದು, ಆದ್ರೆ ವಾರಂಟಿ ಹೋಯ್ತು, ಮಸಿ ಹೊಗೆ ನಿಮ್ಮ ಹಿಂದೆ ಬರೋರ ಮುಖಕ್ಕೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡಿಗೆ ಬಿಡಲ್ಲ. ಶಬ್ದ, ಹೊಗೆಗೆ 190(2) ಬೇರೆ ಇದೆ.

ಘಾಟಿ ಗೇರ್:
ಕೋನ್ ಫಿಲ್ಟರ್ ಈ ಗಾಡಿಗೆ ನಷ್ಟವೇ. ಬಿಚ್ಚಿಟ್ಟ ಕೋನ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಒಳಗೆ ಹೋಗೋ ಗಾಳಿ ಅಳೆಯೋ ಮ್ಯಾಫ್ ಸೆನ್ಸರ್‌ದು. ಇಸಿಯು (ಎಂಜಿನ್ ಕಂಪ್ಯೂಟರ್) ಲೆಕ್ಕ ಎಲ್ಲಾ ಆ ಸೆನ್ಸರ್ ಕೂತಿರೋ ಪೈಪಿನ ಒಳ ಅಳತೆ ಮೇಲೆ. ಪೈಪ್ ದೊಡ್ಡದಾದ್ರೆ ಅಷ್ಟೇ ಗಾಳಿ ನಿಧಾನ ಹರಿಯುತ್ತೆ, ಸೆನ್ಸರ್ ಕಡಿಮೆ ತೋರಿಸುತ್ತೆ, ಹೊಗೆ ಬರಬಾರದು ಅಂತ ಇಸಿಯು ಡೀಸೆಲ್ ತಗ್ಗಿಸುತ್ತೆ. ದುಡ್ಡು ಕೊಟ್ಟು ಪಿಕಪ್ ಕಳ್ಕೊಂಡಂಗೆ.

ಕಂಪನಿ ಏರ್‌ಬಾಕ್ಸ್ (ಫಿಲ್ಟರ್ ಡಬ್ಬಿ) ಹಾಗೇ ಇರಲಿ, ಒಳ್ಳೆ ಪೇಪರ್ ಫಿಲ್ಟರ್ ಸಾಕು. ಎಣ್ಣೆ ಹಾಕೋ ಕಾಟನ್ ಫಿಲ್ಟರ್ ಬೇಕೇ ಬೇಕು ಅಂದ್ರೆ ಎಣ್ಣೆ ತೆಳ್ಳಗಿರಲಿ, ಜಾಸ್ತಿಯಾದ್ರೆ ಮ್ಯಾಫ್‌ಗೆ ಅಂಟುತ್ತೆ. ಅದನ್ನ ತೊಳೆಯೋಕೆ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ, ಕಾರ್ಬ್ ಕ್ಲೀನರ್ ಬೇಡ. ಫಿಲ್ಟರ್ ಬಿಚ್ಚಿದಾಗೆಲ್ಲ ಅದರಾಚೆಯ ಪೈಪ್ ಒಳಗೆ ಬಿಳಿ ಬಟ್ಟೆಲಿ ಒರೆಸಿ ನೋಡಿ. ಬಟ್ಟೆ ಮಣ್ಣಿನ ಧೂಳಿಂದ ಕೆಂಪಾದ್ರೆ ರಬ್ಬರ್ ಸೀಲ್ ಸರಿಯಾಗಿ ಕೂತಿಲ್ಲ. ಆ ಧೂಳು ಟರ್ಬೊ ಬ್ಲೇಡಿನ ಅಂಚು ಸವೆಸುತ್ತೆ.

ಪೈಪ್ ಬೆಂಡಿಂಗ್:
ಸೈಲೆನ್ಸರ್ ಮಾಡಿಸೋದಾದ್ರೆ ಡಿಪಿಎಫ್ ಆದ್ಮೇಲಿನ ಭಾಗ ಮಾತ್ರ. 3 ಇಂಚು ಯಾಕೆ? 1.9ಕ್ಕೆ 2.5 ಇಂಚು ಧಾರಾಳ. ತಿರುವಲ್ಲಿ ಚಪ್ಪಟೆಯಾಗದ ಮ್ಯಾಂಡ್ರೆಲ್ ಬೆಂಡ್ ಕೇಳಿ. ಪವರ್ ಮಾತ್ರ ಹೆಚ್ಚು ನಿರೀಕ್ಷೆ ಮಾಡ್ಬೇಡಿ.

ಪೈಪ್ ಜೋಡಿಸೋ ಫ್ಲೇಂಜ್ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೀರಿ, ಇಲ್ಲಾಂದ್ರೆ ಮುರಿಯುತ್ತೆ. ಗ್ಯಾಸ್ಕೆಟ್ ಹೊಸದೇ ಹಾಕಿ. ಗಾಡಿಲೇ ವೆಲ್ಡಿಂಗ್ ಇದ್ರೆ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಅರ್ತಿಂಗ್ ಪೈಪಿಗೇ ಕಚ್ಚಿಸಿ. ಕ್ಲಾಂಪೆಲ್ಲಾ ಸಡಿಲವಾಗಿ ಜೋಡಿಸಿ, ಸ್ಟೆಪ್ನಿ, ಲೀಫ್ ಸ್ಪ್ರಿಂಗ್, ಬ್ರೇಕ್ ಪೈಪಿನಿಂದ ಇಂಚಾದ್ರೂ ದೂರ ಇದೆಯಾ ನೋಡ್ಕೊಂಡು ಮುಂದಿನಿಂದ ಹಿಂದಕ್ಕೆ ಬಿಗಿ ಮಾಡ್ತಾ ಬನ್ನಿ. ಲಿಫ್ಟ್ ಮೇಲೆ ಹಿಂದಿನ ಆಕ್ಸಲ್ ಜೋತುಬಿದ್ದಿರುತ್ತೆ. ಕೆಳಗಿಳಿಸಿ ಲೋಡ್ ಹಾಕಿದಾಗ ಅದು ಮೇಲೆ ಬಂದು ಪೈಪಿಗೆ ತಾಗಬಹುದು, ಹಾಗಾಗಿ ಚಕ್ರದ ಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಿ. ಸೋರಿಕೆ ಗೊತ್ತಾಗೋಕೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಜಾಯಿಂಟಿಗೆ ಸೋಪ್ ನೀರು ಹಚ್ಚಿ, ಗುಳ್ಳೆ ಬರುತ್ತೆ. ಒಂದು ಸಲ ಬಿಸಿಯಾಗಿ ಆರಿದ ಮೇಲೆ ಕ್ಲಾಂಪ್ ಮತ್ತೆ ಬಿಗಿ ಮಾಡ್ಬೇಕು.

ತೋಟದ ದಾರಿ:
ಎಲ್ಲರಿಗೂ ಥ್ಯಾಂಕ್ಸ್. ಡಿಪಿಎಫ್, ಕೋನ್ ಎರಡೂ ಕೈಬಿಟ್ಟೆ. ಧೂಳಿಗೆ ಸ್ನಾರ್ಕೆಲ್ (ಗಾಳಿಯನ್ನ ಮೇಲಿಂದ ಎಳೆಯೋ ಪೈಪ್) ಉಪಯೋಗ ಆಗುತ್ತಾ?

ಘಾಟಿ ಗೇರ್:
ಆಗುತ್ತೆ. ಚಕ್ರ ಎಬ್ಬಿಸೋ ಧೂಳು ಮೇಲೆ ಕಡಿಮೆ, ಫಿಲ್ಟರ್ ಹೆಚ್ಚು ದಿನ ಬರುತ್ತೆ. ಪವರ್ ಹೆಚ್ಚಲ್ಲ. ಫೆಂಡರ್ ಕತ್ತರಿಸಿದ ಅಂಚಿಗೆ ಪ್ರೈಮರ್, ಪೇಂಟ್ ಹಚ್ಚದೆ ಬಿಟ್ರೆ ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಹೊಳೆ ದಾಟೋ ಯೋಚನೆ ಇದ್ರೆ ಏರ್‌ಬಾಕ್ಸ್ ತಳದ ನೀರು ಹೋಗೋ ತೂತು, ಪೈಪ್ ಜಾಯಿಂಟ್ ಎಲ್ಲಾ ಚೆಕ್ ಮಾಡಿಸಿ. ಒಂದೇ ಕಡೆ ಸಂದಿ ಇದ್ರೂ ನೀರು ಅಲ್ಲಿಂದಲೇ ಒಳಗೆ ಹೋಗುತ್ತೆ.