ಹೊಸ ಅಡುಗೆ ಪುಸ್ತಕ ತಂದಿದ್ದೇನೆ, ಯಾವುದರಿಂದ ಶುರು ಮಾಡಲಿ?

ಅವರೆಕಾಳು_ಕೋಲಾರ
ಎಲ್ಲರಿಗೂ ನಮಸ್ಕಾರ. ನಮ್ಮದು ಮುದ್ದೆ, ಬಸ್ಸಾರು, ಸೊಪ್ಪಿನ ಸಾರು ಮಾಡೋ ಮನೆ. ಈಚೆಗೆ ಕರಾವಳಿ ಅಡುಗೆಯ ಎರಡು ಪುಸ್ತಕ ತಂದೆ, ಓದೋಕೆ ತುಂಬಾ ಚೆನ್ನಾಗಿವೆ, ಆದರೆ ಒಲೆ ಮುಂದೆ ನಿಂತರೆ ಏನೂ ತೋಚುವುದಿಲ್ಲ. ಒಂದರಲ್ಲಿ ಅಳತೆಯೆಲ್ಲ ಪಾವು, ಚಟಾಕು. ಇನ್ನೊಂದರಲ್ಲಿ ಬರೀ ‘ಹದಕ್ಕೆ ಬಂದಾಗ ಇಳಿಸಿ’. ಆ ಹದ ನೋಡಿಯೇ ಇಲ್ಲದವರು ಹೇಗೆ ತಿಳಿದುಕೊಳ್ಳಬೇಕು? ಸೌತೆಕಾಯಿ ಕೊದ್ದೆಲ್‌ಗೆ (ಕಾಯಿ ರುಬ್ಬಿ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಡೋ ಸಾರು) 10-12 ಒಣಮೆಣಸಿನಕಾಯಿ ಅಂತ ಬೇರೆ ಇದೆ. ನಾಲ್ಕು ಜನಕ್ಕೆ ಅಷ್ಟಾ? ಅಚ್ಚಿನ ತಪ್ಪಿರಬಹುದಾ?

ಕಡಲತಡಿ
ತಪ್ಪಲ್ಲ. ಅದು ಬ್ಯಾಡಗಿ ಮೆಣಸಿನಕಾಯಿಯ ಲೆಕ್ಕ. ಸುಕ್ಕುಸುಕ್ಕಾಗಿರುತ್ತೆ, ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಕಡೆ ಎಲ್ಲರಿಗೂ ಅದೇ ಗೊತ್ತಿರೋದರಿಂದ ಪುಸ್ತಕದಲ್ಲಿ ಹೆಸರು ಬರೆದಿರುವುದಿಲ್ಲ. ಅಷ್ಟೇ ಗುಂಟೂರು ಮೆಣಸಿನಕಾಯಿ ಹಾಕಿದರೆ ಬಾಯಿಗಿಡೋಕೆ ಆಗಲ್ಲ.

ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಣಸಿನಕಾಯಿ ಉಬ್ಬಿ ಗರಿಗರಿಯಾಗಬೇಕು, ಕಪ್ಪಾಗಬಾರದು. ತೆಂಗಿನಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬಿ, ಎರಡು ಬೆರಳಲ್ಲಿ ತಿಕ್ಕಿ ನೋಡಿದರೆ ತರಿ ಸಿಗಬಾರದು. ನೀವು ಕೇಳಿದ ಹದ ಇದೇ. ಸೌತೆ ಹೆಚ್ಚುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕೆಲವು ಕಹಿ ಇರುತ್ತವೆ. ಕೊನೆಗೆ ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗೋ ತನಕ ಹುರಿದು ಒಗ್ಗರಣೆ ಕೊಟ್ಟು, ತಕ್ಷಣ ಮುಚ್ಚಳ ಮುಚ್ಚಿ. ಆ ಘಮ ಒಳಗೇ ಉಳಿಯಬೇಕು.

ಪಾವುಸೇರು
ಅಳತೆಗೆ ಹೆದರಬೇಡಿ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಮೆಟ್ರಿಕ್ ಅಳತೆಯ ಕಾಯ್ದೆ ಬಂದಿದ್ದೇ 1956ರಲ್ಲಿ, ಜನರ ಬಾಯಲ್ಲಿ ಹಳೆಯದು ಅದಾದ ಮೇಲೂ ಬಹಳ ಕಾಲ ಉಳಿಯಿತು. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ, ಹಾಗಾಗಿ ಬೆಲ್ಲ ಒಂದು ಚಟಾಕು ಅಂದರೆ ಹತ್ತಿರಹತ್ತಿರ 58 ಗ್ರಾಂ. ಅಕ್ಕಿ ಬೇಳೆಗೆ ಇಷ್ಟೆಲ್ಲ ಲೆಕ್ಕ ಬೇಡ. ಪಾವಿನ ಜಾಗಕ್ಕೆ ಮನೆಯ ಒಂದೇ ಲೋಟ ಇಟ್ಟುಕೊಂಡು ಎಲ್ಲವನ್ನೂ ಅದರಲ್ಲೇ ಅಳೆಯಿರಿ, ಪ್ರಮಾಣ ಕೆಡುವುದಿಲ್ಲ.

ನನ್ನ ಸಲಹೆ: ಹೊಸ ಪುಸ್ತಕದಿಂದ ಮೊದಲು ನಿಮಗೆ ಚೆನ್ನಾಗಿ ಬರೋ ಅಡುಗೆಯನ್ನೇ ಮಾಡಿ. ಒಂದು ಬೇಳೆ ಸಾರು ಸಾಕು. ಬರೆದವರ ಕೈಯಲ್ಲಿ ಉಪ್ಪು, ಹುಳಿ, ಬೆಲ್ಲ ಎಷ್ಟು ಅಂತ ಅದರಲ್ಲೇ ಗೊತ್ತಾಗಿಬಿಡುತ್ತೆ. ಮುಂದಿನ ಪುಟಗಳಿಗೆ ಅದೇ ದಾರಿ.

ದೊಡ್ಡಪತ್ರೆ
ನಾನು ಇದನ್ನು ಒಪ್ಪಲ್ಲ. ಗೊತ್ತಿರೋ ಸಾರು ಮಾಡಲು ಹೋದರೆ ಕೈ ತನ್ನ ಅಭ್ಯಾಸದಂತೆಯೇ ಹಾಕುತ್ತೆ, ಪುಸ್ತಕ ಪಕ್ಕದಲ್ಲಿ ಸುಮ್ನೆ ಇರುತ್ತೆ. ತಂಬುಳಿಯಿಂದ ಶುರು ಮಾಡಿ. ದೊಡ್ಡಪತ್ರೆ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯಿತು. ಕುದಿಸುವುದಿಲ್ಲ, ಹಾಗಾಗಿ ಹದ ತಪ್ಪುವ ಮಾತೇ ಇಲ್ಲ, ರುಚಿಯೂ ನಿಮಗೆ ಪೂರ್ತಿ ಹೊಸದು.

ಇನ್ನೊಂದು. ಅಡುಗೆ ಪುಸ್ತಕಗಳು ಅಡುಗೆ ಬಲ್ಲವರಿಗೇ ಬರೆದ ಹಾಗೆ ಇರುವುದು ಇವತ್ತಿನದಲ್ಲ. ಮಂಗರಸ ಅನ್ನೋ ಕವಿ 1508ರಲ್ಲಿ ಸೂಪಶಾಸ್ತ್ರ ಅನ್ನೋ ಅಡುಗೆ ಪುಸ್ತಕವನ್ನು ಷಟ್ಪದಿ ಪದ್ಯದಲ್ಲೇ ಬರೆದ. ಅದಕ್ಕೇ ನಾನು ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ: ಯಾವ ಮೆಣಸಿನಕಾಯಿ, ಎಷ್ಟು ಲೋಟ, ಎಷ್ಟು ಹೊತ್ತು. ಎರಡನೇ ಸಲ ಮಾಡುವಾಗ ಆ ಪುಸ್ತಕ ನಮ್ಮನೆಯದಾಗಿರುತ್ತೆ.

ಅವರೆಕಾಳು_ಕೋಲಾರ
ತುಂಬಾ ಥ್ಯಾಂಕ್ಸ್. ಕುಂಡದಲ್ಲಿ ದೊಡ್ಡಪತ್ರೆ ಇದೆ, ನಾಳೆ ತಂಬುಳಿಯೇ. ಭಾನುವಾರ ಬ್ಯಾಡಗಿ ತಂದು ಕೊದ್ದೆಲ್. ಅದಕ್ಕೆ ಕುಚ್ಚಲಕ್ಕಿ ಅನ್ನ ಮಾಡೋಣ ಅಂತ, ನೀರು ಎಷ್ಟಿಡಬೇಕು?

ಕಡಲತಡಿ
ಅಳೆಯಬೇಡಿ ಅಕ್ಕಾ, ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು, ಕುದಿ ಬಂದ ಮೇಲೆ ತೊಳೆದ ಅಕ್ಕಿ ಹಾಕಿ. ಅಗುಳು ಹಿಸುಕಿದರೆ ಮೆತ್ತಗಾಗಿರಬೇಕು, ಆಮೇಲೆ ಬಸಿಯಿರಿ. ಗಂಜಿ ಚೆಲ್ಲಬೇಡಿ, ಉಪ್ಪು ಹಾಕಿ ಕುಡಿಯಿರಿ.