ಬ್ಲೂಟೂತ್ ಹಾಕಿಕೊಂಡು ಗಾಡಿ ಓಡಿಸಿದರೆ ಕಣ್ಣು ರಸ್ತೆ ಮೇಲೇ ಇರುತ್ತದಲ್ವಾ?

ಕುವೆಂಪುನಗರದವನು:
ನಮ್ಮ ಭಾವ ದಿನಾ ಸ್ಕೂಟರಲ್ಲಿ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುತ್ತಾರೆ. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ದಾರಿಯುದ್ದಕ್ಕೂ ಮಾತು. ಬೇಡ ಭಾವ ಅಂದರೆ, "ಕೈ ಹ್ಯಾಂಡಲ್ ಮೇಲಿದೆ, ಕಣ್ಣು ರಸ್ತೆ ಮೇಲಿದೆ, ಇನ್ನೇನೋ ನಿಂದು?" ಅನ್ನುತ್ತಾರೆ. ನಿಜವಾಗಲೂ ಮಾತಾಡುವಾಗ ಕಣ್ಣಿಗೆ ಕಮ್ಮಿ ಕಾಣುತ್ತದಾ?

ಸರಸ್ವತಿಪುರಂ ಓದುಗ:
ಕಣ್ಣು ಸರಿಯಾಗೇ ಇರುತ್ತದೆ ಗುರು, ಗಮನ ಇರಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಮಿದುಳು ಒಂದೇ ಸಲಕ್ಕೆ ನಿಭಾಯಿಸುವುದಿಲ್ಲ, ಗಮನ ಎಲ್ಲಿದೆಯೋ ಅದನ್ನು ಹಿಡಿದುಕೊಂಡು ಉಳಿದದ್ದರಲ್ಲಿ ಜಾಸ್ತಿಪಾಲು ಬಿಟ್ಟುಬಿಡುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಜನರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ, ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡಿಸಿ, ಕಣ್ಣು ಎಲ್ಲಿ ನೋಡುತ್ತಿದೆ ಅಂತಲೂ ಅಳೆದರು. ರಸ್ತೆ ಬದಿಯ ಬೋರ್ಡನ್ನು ನೇರವಾಗಿ ನೋಡಿದ್ದರೂ ಆಮೇಲೆ ತೋರಿಸಿದಾಗ ಮಾತಾಡುತ್ತಿದ್ದವರಿಗೆ ಗುರುತು ಸಿಕ್ಕಿದ್ದು ಕಮ್ಮಿ. ಜಂಬೂಸವಾರಿಯಲ್ಲಿ ಎಲ್ಲರೂ ಅಂಬಾರಿ ನೋಡುತ್ತಾರೆ, ಅಕ್ಕಪಕ್ಕ ಬಂದ ಕುಮ್ಕಿ ಆನೆಗಳ ಅಲಂಕಾರ ಹೇಗಿತ್ತು ಅಂತ ಕೇಳಿ ನೋಡಿ.

ಮಂಡ್ಯ ಹೈದ:
ಹಂಗಾದ್ರೆ ಹಿಂದೆ ಕೂತ ಹೆಂಡತಿ ಜೊತೆ ಮಾತಾಡಿದರೂ ಅದೇ ಕಥೆನಾ? ಮಂಡ್ಯದಿಂದ ಮೈಸೂರಿನ ತನಕ ಬಾಯಿಗೆ ಬೀಗ ಹಾಕಿಕೊಂಡು ಬರಬೇಕಾ? ಸುಮ್ನೆ ಹೆದರಿಸಬೇಡಿ ಸ್ವಾಮಿ.

ಸರಸ್ವತಿಪುರಂ ಓದುಗ:
ಇಲ್ಲ, ಅದು ಬೇರೆ. ಅದೇ ತಂಡ 2008ರಲ್ಲಿ ಇದನ್ನೂ ನೋಡಿದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದವರು ಫೋನಲ್ಲಿ ಮಾತಾಡಿದವರಿಗಿಂತ ಚೆನ್ನಾಗಿ ಓಡಿಸಿದರು. ಯಾಕೆಂದರೆ ಪಕ್ಕದವರಿಗೂ ರಸ್ತೆ ಕಾಣುತ್ತದೆ, ಟ್ರಾಫಿಕ್ ಜಾಸ್ತಿಯಾದರೆ ಮಾತು ಅದರ ಕಡೆಗೇ ತಿರುಗುತ್ತದೆ, ಫೋನಿನ ಆ ಕಡೆ ಇರುವವನಿಗೆ ಎದುರಿಗೆ ಬಸ್ ಬಂತೋ ದನ ಬಂತೋ ಏನು ಗೊತ್ತು? ಆದರೆ ಅದು ಕಾರಿನ ಲೆಕ್ಕ. ಸ್ಕೂಟರಲ್ಲಿ ಹಿಂದಿನವರ ಮಾತು ಕೇಳಿಸಿಕೊಳ್ಳಲು ಕತ್ತು ತಿರುಗಿಸುತ್ತೇವಲ್ಲ, ಅದಕ್ಕೆ ಬೈಯಬೇಕು.

ಸ್ಕ್ಯಾನಿಂಗ್ ರೂಮು:
ನಮ್ಮ ಫೀಲ್ಡಿನದು ಒಂದು. 2013ರಲ್ಲಿ ಪ್ರಕಟವಾದದ್ದು. 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟು ಹುಡುಕಿ ಅಂದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಜನಕ್ಕೆ ಅದು ಕಾಣಲೇ ಇಲ್ಲ! ಆ 20ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕಣ್ಣು ಸರಿಯಾಗಿ ಅದರ ಮೇಲೇ ಹೋಗಿತ್ತು. ಇವರೆಲ್ಲ ನುರಿತ ಡಾಕ್ಟರುಗಳು, ಫೋನಲ್ಲೂ ಇರಲಿಲ್ಲ. ಗಂಟು ಹುಡುಕುವುದರಲ್ಲಿ ಮುಳುಗಿದ್ದರು, ಅಷ್ಟೇ. ಅನುಭವ ಇದ್ದರೆ ಸಾಕು ಅನ್ನುವವರಿಗೆ ಇದನ್ನು ಹೇಳಿ.

ಕುವೆಂಪುನಗರದವನು:
ಥ್ಯಾಂಕ್ಸ್. "ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ಕಣೋ" ಅನ್ನುವುದೇ ಭಾವನ ಮುಂದಿನ ಡೈಲಾಗು, ಅದಕ್ಕೆ ಈ ಗೊರಿಲ್ಲಾ ಸರಿಹೋಗುತ್ತದೆ. ಈಗ ಫೋನ್ ಮಾಡಲ್ಲ, ಗಾಡಿ ಮೇಲಿರುತ್ತಾರೆ, ಎತ್ತಿಬಿಡುತ್ತಾರೆ.