ಅಮೆರಿಕದ ಅಧ್ಯಕ್ಷರು ತಮ್ಮ ಉಪಾಧ್ಯಕ್ಷರನ್ನು ವಜಾ ಮಾಡಬಹುದೇ?

ಪ್ರಶ್ನೆ: ಕುತೂಹಲಿ
ಮನಸ್ತಾಪ ಬಂದರೆ ಸಂಪುಟದ ಸಚಿವರನ್ನು ಅಧ್ಯಕ್ಷರು ಒಂದೇ ಮಾತಿಗೆ ಮನೆಗೆ ಕಳಿಸುತ್ತಾರೆ. ಉಪಾಧ್ಯಕ್ಷರನ್ನೂ ಹಾಗೆ ಕಳಿಸಬಹುದೇ? ಆಗದಿದ್ದರೆ ಅವರನ್ನು ಹಿಡಿತದಲ್ಲಿ ಇಡುವುದು ಹೇಗೆ?

ಉತ್ತರ: ಕಡತಪ್ರಿಯ
ಆಗುವುದಿಲ್ಲ. ಸಚಿವರು ಅಧ್ಯಕ್ಷರು ನೇಮಿಸಿದವರು. ಉಪಾಧ್ಯಕ್ಷರು ಎಲೆಕ್ಟೋರಲ್ ಕಾಲೇಜಿನ (ರಾಜ್ಯಗಳಿಂದ ಆಯ್ಕೆಯಾದ ಮತದಾರರ ಮಂಡಳಿ) ಮತದಿಂದ ಗೆದ್ದು ಬಂದವರು. ಅವಧಿಯ ನಡುವೆ ಇಳಿಸಲು ಇರುವ ದಾರಿ ಮಹಾಭಿಯೋಗ ಒಂದೇ: ಪ್ರತಿನಿಧಿ ಸಭೆಯಲ್ಲಿ ಸರಳ ಬಹುಮತ, ಸೆನೆಟ್‌ನಲ್ಲಿ ಮೂರನೇ ಎರಡರಷ್ಟು. ಸುಂಕದ ವಿಷಯದಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ವಿರುದ್ಧ ಅವರ ಉಪಾಧ್ಯಕ್ಷ ಜಾನ್ ಕ್ಯಾಲ್ಹೂನ್ ಬಹಿರಂಗವಾಗಿಯೇ ನಿಂತರು. ಆದರೂ ಜಾಕ್ಸನ್ ಏನೂ ಮಾಡುವಂತಿರಲಿಲ್ಲ. 1832ರ ಡಿಸೆಂಬರ್‌ನಲ್ಲಿ ಕ್ಯಾಲ್ಹೂನ್ ತಾವಾಗಿಯೇ ರಾಜೀನಾಮೆ ಕೊಟ್ಟು ಸೆನೆಟ್ ಸೇರಿದರು. 2021ರ ಜನವರಿ 6ರಂದು, ಚುನಾವಣೆಯ ಫಲಿತಾಂಶ ತಡೆಯಿರಿ ಎಂಬ ಅಧ್ಯಕ್ಷ ಟ್ರಂಪ್ ಒತ್ತಡಕ್ಕೆ ಉಪಾಧ್ಯಕ್ಷ ಪೆನ್ಸ್ ಮಣಿಯದೆ ಉಳಿದದ್ದಕ್ಕೂ ಈ ರಕ್ಷಣೆ ಬೆನ್ನಿಗಿತ್ತು. ಮುಂದಿನ ಚುನಾವಣೆಯಲ್ಲಿ ಜೋಡಿ ಬದಲಿಸಬಹುದು, ಅಷ್ಟೇ. ರೂಸ್‌ವೆಲ್ಟ್ 1940ರಲ್ಲಿ ಗಾರ್ನರ್ ಜಾಗಕ್ಕೆ ವ್ಯಾಲೇಸ್ ಅವರನ್ನು ತಂದರು. 1944ರಲ್ಲಿ ಆ ಜಾಗಕ್ಕೆ ಟ್ರೂಮನ್ ಬಂದರು.

ಉತ್ತರ: ಪಡಸಾಲೆ
ನಿಜವಾದ ಹಿಡಿತ ಇರುವುದು ಮಾಹಿತಿಯಲ್ಲಿ. ಸೆನೆಟ್‌ನ ಅಧ್ಯಕ್ಷತೆ, ಮತ ಸಮವಾದಾಗ ನಿರ್ಣಾಯಕ ಮತ, ಇವನ್ನು ಸಂವಿಧಾನವೇ ಕೊಟ್ಟಿದೆ. ಆದರೆ ವೆಸ್ಟ್ ವಿಂಗ್‌ನ (ಶ್ವೇತಭವನದಲ್ಲಿ ಅಧ್ಯಕ್ಷರ ಕಚೇರಿ ಇರುವ ಭಾಗ) ಕೋಣೆ, ಮುಖ್ಯ ಕಡತಗಳು, ಅಧ್ಯಕ್ಷರ ಜೊತೆ ವಾರದ ಊಟ, ಇವೆಲ್ಲ ಅಧ್ಯಕ್ಷರ ಮರ್ಜಿ. ಟ್ರೂಮನ್ 82 ದಿನ ಉಪಾಧ್ಯಕ್ಷರಾಗಿದ್ದರು. ಅಣುಬಾಂಬ್ ಯೋಜನೆಯ ವಿಷಯ ಅವರಿಗೆ ತಿಳಿಸಿದ್ದು ರೂಸ್‌ವೆಲ್ಟ್ ತೀರಿಕೊಂಡ ಮೇಲೆ, ಯುದ್ಧ ನಡೆಯುತ್ತಿರುವಾಗ! ಎಂಥ ಅಪಾಯ ನೋಡಿ. ಉಪಾಧ್ಯಕ್ಷರಾಗಿ ಗೆದ್ದ ಮೊಂಡೇಲ್ ಅದಕ್ಕೇ ಅಧಿಕಾರ ವಹಿಸಿಕೊಳ್ಳುವ ಮೊದಲೇ, 1976ರ ಡಿಸೆಂಬರ್‌ನಲ್ಲಿ, ತಮಗೆ ಏನೇನು ಬೇಕೆಂದು ಅಧ್ಯಕ್ಷರಾಗಿ ಗೆದ್ದ ಕಾರ್ಟರ್‌ಗೆ ಬರೆದುಕೊಟ್ಟರು. ಕಾರ್ಟರ್ ಒಪ್ಪಿದರು. ಈಗಿನ ಪದ್ಧತಿ ಬಹುಮಟ್ಟಿಗೆ ಅಲ್ಲಿಂದ ಬಂದದ್ದು.

ಕುತೂಹಲಿ: ಹಾಗಾದರೆ ಉಪಾಧ್ಯಕ್ಷರೇ ಅಧ್ಯಕ್ಷರನ್ನು ಇಳಿಸಬಹುದೇ? ಸಂವಿಧಾನದ 25ನೇ ತಿದ್ದುಪಡಿಯಲ್ಲಿ ಹಾಗಿದೆ ಅಂತಾರೆ.

ಉತ್ತರ: ಕಡತಪ್ರಿಯ
ಒಬ್ಬರೇ ಆಗದು. ನಾಲ್ಕನೇ ವಿಭಾಗದ ಪ್ರಕಾರ ಉಪಾಧ್ಯಕ್ಷರ ಜೊತೆ 15 ಇಲಾಖಾ ಮುಖ್ಯಸ್ಥರಲ್ಲಿ ಕನಿಷ್ಠ 8 ಮಂದಿ ಸಹಿ ಹಾಕಿ, ಅಧ್ಯಕ್ಷರು ಅಸಮರ್ಥರೆಂದು ಕಾಂಗ್ರೆಸ್‌ಗೆ (ಅಮೆರಿಕದ ಸಂಸತ್ತು) ಬರೆದುಕೊಡಬೇಕು. ಆ ಕ್ಷಣದಿಂದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರು, ಪೂರ್ಣ ಅಧ್ಯಕ್ಷರಲ್ಲ. 'ನಾನು ಸಮರ್ಥನಿದ್ದೇನೆ' ಎಂದು ಅಧ್ಯಕ್ಷರು ಬರೆದರೆ, ಉಪಾಧ್ಯಕ್ಷರೂ ಇಲಾಖಾ ಮುಖ್ಯಸ್ಥರೂ 4 ದಿನದೊಳಗೆ ಮತ್ತೆ ತಕರಾರು ಸಲ್ಲಿಸಬೇಕು. ಆಮೇಲೆ ಕಾಂಗ್ರೆಸ್‌ಗೆ 21 ದಿನ. ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಸಿಗದಿದ್ದರೆ ಅಧಿಕಾರ ವಾಪಸ್. ಮಹಾಭಿಯೋಗಕ್ಕಿಂತಲೂ ಕಷ್ಟ. ಇದುವರೆಗೆ ಒಮ್ಮೆಯೂ ಬಳಸಿಲ್ಲ.

ಸುಳಿವು ಸಿಕ್ಕರೆ ಅಧ್ಯಕ್ಷರು ಸಚಿವರನ್ನು ಮೊದಲೇ ಕಿತ್ತುಹಾಕಬಹುದು. ಉಪಾಧ್ಯಕ್ಷರನ್ನು ಕೀಳಲಾಗದು, ಅವರ ಸಹಿಯಿಲ್ಲದೆ ಆ ಪತ್ರ ಹೊರಡುವುದೂ ಇಲ್ಲ.